ನ್ಯೂಯಾರ್ಕ್ ಹೇಳಿದ ಹಾಗೆ ಅಮೆರಿಕ ಕೇಳುತ್ತಾ? ದೊಡ್ಡ ಊರುಗಳು ಮತ್ತು ಅಧ್ಯಕ್ಷರ ಚುನಾವಣೆ

ಬ್ರೂಕ್‌ಫೀಲ್ಡ್ ಭಾವ

ಭಾನುವಾರ ಊರಿಗೆ ಫೋನ್ ಮಾಡಿದ್ದೆ. ತೀರ್ಥಹಳ್ಳಿಯ ನಮ್ಮ ದೊಡ್ಡಪ್ಪ ಅಡಿಕೆ ರೇಟಿನ ಸುದ್ದಿ ಮುಗಿದ ಮೇಲೆ ಎಂದಿನಂತೆ ಅಮೆರಿಕದ ರಾಜಕೀಯಕ್ಕೆ ಬಂದರು. "ನಿಮ್ಮಲ್ಲಿ ಎಂಥದಿದೆ ಮಾರಾಯ, ನ್ಯೂಯಾರ್ಕು, ಶಿಕಾಗೋ, ಲಾಸ್ ಏಂಜಲೀಸು ಯಾರ ಕಡೆ ವಾಲ್ತಾವೋ ಅವನೇ ಪ್ರೆಸಿಡೆಂಟು. ಉಳಿದೋರದ್ದು ಬರೀ ಹಾಜರಿ" ಅಂದರು. ಅಲ್ಲ ದೊಡ್ಡಪ್ಪ ಅಂತ ಶುರು ಮಾಡಿದೆ, ಅಷ್ಟರಲ್ಲಿ ಅಲ್ಲಿ ಕರೆಂಟು ಹೋಯ್ತು. ಆ ಅರ್ಧ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ನಾನಿರುವುದು ವಿಸ್ಕಾನ್ಸಿನ್‌ನಲ್ಲಿ, ಮಿಲ್ವಾಕಿಯ ಪಕ್ಕದ ಸಬರ್ಬ್. 2016ರಲ್ಲಿ ಲಾಸ್ ಏಂಜಲೀಸ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಒಂದರಲ್ಲೇ ಹಿಲರಿ ಕ್ಲಿಂಟನ್ 16 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆ 16 ಲಕ್ಷವನ್ನೂ ಒಯ್ದು ಪೆಸಿಫಿಕ್ ಸಾಗರಕ್ಕೆ ಸುರಿದಿದ್ದರೂ ಕ್ಯಾಲಿಫೋರ್ನಿಯಾದ 55 ಎಲೆಕ್ಟೋರಲ್ ಮತಗಳು ಅವರಿಗೇ ಸಿಗುತ್ತಿದ್ದವು. ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿದ ಈ ಎಲೆಕ್ಟೋರಲ್ ಮತಗಳೇ, ಹೆಚ್ಚಿನ ಕಡೆ ರಾಜ್ಯ ಗೆದ್ದವರಿಗೇ ಅವೆಲ್ಲ. ನಮ್ಮ ವಿಸ್ಕಾನ್ಸಿನ್ನನ್ನು ಟ್ರಂಪ್ ಗೆದ್ದದ್ದು 22,748 ಮತಗಳಿಂದ. ಅದೇ ವರ್ಷ ಮಿಲ್ವಾಕಿ ನಗರದಲ್ಲಿ ಬಿದ್ದ ಮತ 2012ಕ್ಕಿಂತ ಸುಮಾರು 40 ಸಾವಿರ ಕಡಿಮೆ. ಹಿಲರಿ ಪ್ರಚಾರದ ಕೊನೆಯ ತಿಂಗಳುಗಳಲ್ಲಿ ಈ ಕಡೆ ಒಮ್ಮೆಯೂ ತಲೆ ಹಾಕಲಿಲ್ಲ.

ನನಗನ್ನಿಸುವುದು ಇಷ್ಟು: ಊರು ಎಷ್ಟು ದೊಡ್ಡದು ಅನ್ನುವುದಕ್ಕೆ ಇಲ್ಲಿ ಬೆಲೆ ಕಡಿಮೆ. ಆ ಊರಿರುವ ರಾಜ್ಯ ಎಷ್ಟು ಅಲ್ಲಾಡುತ್ತಿದೆ ಅನ್ನುವುದಕ್ಕೇ ಬೆಲೆ. ಬೇರೆ ಬೇರೆ ಊರುಗಳಲ್ಲಿ ಇರುವವರು ನಿಮ್ಮ ಕಡೆಯ ಕಥೆ ಹೇಳಿ. ಇನ್ನೊಂದು ಪ್ರಶ್ನೆಯೂ ಇದೆ, ಇಷ್ಟು ದೊಡ್ಡ ಊರುಗಳನ್ನು ಆಳಿದ ಮೇಯರ್‌ಗಳು ಯಾಕೆ ಯಾರೂ ವೈಟ್ ಹೌಸ್ ತಲುಪಲ್ಲ?

ನಂಜನಗೂಡು ರಸಬಾಳೆ

ಭಾವ, ನಾವು ಮೈಸೂರಿನಲ್ಲಿ ಕೂತು ಟಿವಿ ನೋಡೋರು. ನಮಗೆ ಕಾಣೋದು ನೀಲಿ ಚುಕ್ಕೆ, ಕೆಂಪು ಬಯಲು. ಸಿಟಿ ಅಂದ್ರೆ ಡೆಮಾಕ್ರಟ್, ಹಳ್ಳಿ ಅಂದ್ರೆ ರಿಪಬ್ಲಿಕನ್. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಕೃಷ್ಣೆ ದಂಡಿ

ಹಂಗಲ್ರಿ ರಸಬಾಳೆಯವ್ರ. ನಾ ಡೆಟ್ರಾಯಿಟ್ ಹೊರಗ ಇರಾಂವ, ಕಾರಿನ ಕಂಪನ್ಯಾಗ ಕೆಲ್ಸ. ಸಿಟಿ ಯಾರಿಗೆ ಹಾಕತೈತಿ ಅನ್ನೂದು ಎಲ್ಲಾರಿಗೂ ಗೊತ್ತು. ಎಷ್ಟ ಮಂದಿ ಹೊರಗ ಬಂದು ಹಾಕತಾರ ಅನ್ನೂದs ಯಾರಿಗೂ ಗೊತ್ತಿರೂದಿಲ್ಲ.

ಲೆಕ್ಕಾ ನೋಡ್ರಿ. ಡೆಟ್ರಾಯಿಟ್ ಇರೂದು ವೇಯ್ನ್ ಕೌಂಟಿ ಒಳಗ. 2012ರಾಗ ಒಬಾಮಾಗ ಅಲ್ಲಿ ಬಿದ್ದಿದ್ದು 5.95 ಲಕ್ಷ. 2016ರಾಗ ಹಿಲರಿಗೆ 5.19 ಲಕ್ಷ. ಅಂದ್ರ 76 ಸಾವಿರ ಕಮ್ಮಿ. ಮಿಷಿಗನ್ ರಾಜ್ಯಾನ ಕಳಕೊಂಡಿದ್ದು ಬರೇ 10,704 ಮತಕ್ಕ! ಹಂಗಂತ ಆ 76 ಸಾವಿರ ಮಂದಿ ಟ್ರಂಪ್ ಕಡೆ ಹಾರಿದ್ರಂತೇನಿಲ್ಲ. ಟ್ರಂಪ್‌ಗ ಅಲ್ಲಿ ಹೆಚ್ಚಿಗಿ ಬಂದಿದ್ದು 15 ಸಾವಿರದ ಆಜೂಬಾಜು. ಉಳದಾವ್ರು ಮನ್ಯಾಗ ಕುಂತ್ರು, ಇಲ್ಲಾ ಮೂರನೇದಾವ್ರಿಗೆ ಹಾಕಿದ್ರು, ಇಲ್ಲಾ ಊರs ಬಿಟ್ಟು ಹೋಗಿದ್ರು. ಡೆಟ್ರಾಯಿಟ್ ಖಾಲಿ ಆದ ಕಥಿ ನಿಮಗ ಗೊತ್ತೈತಿ, 1950ರಾಗ 18 ಲಕ್ಷ ಮಂದಿ ಇದ್ದ ಊರು, ಈಗ ಏಳು ಲಕ್ಷಕ್ಕೂ ಕಮ್ಮಿ.

ಇನ್ನ "ಸಿಟಿ ಅಂದ್ರ ನೀಲಿ" ಅನ್ನೂ ಮಾತು. ಡಿಯರ್‌ಬಾರ್ನ್ ಅಂತ ಊರೈತಿ, ಡೆಟ್ರಾಯಿಟ್‌ಗೆ ಹತ್ತಿಕೊಂಡs. ಅರಬ್ ಮೂಲದಾವ್ರು ಭಾಳ. 2020ರಾಗ ಬೈಡನ್‌ಗೆ ಅಲ್ಲಿ ಹತ್ತರಾಗ ಸುಮಾರು ಏಳು ಮತ. ಗಾಜಾ ಯುದ್ಧ ಆದಮ್ಯಾಲ, 2024ರಾಗ ಟ್ರಂಪ್‌ಗ 42 ಪರ್ಸೆಂಟ್, ಹ್ಯಾರಿಸ್‌ಗ 36, ಗ್ರೀನ್ ಪಾರ್ಟಿ ಜಿಲ್ ಸ್ಟೈನ್‌ಗ 18. ನಾಕ ವರ್ಷದಾಗ ಊರು ಮಗ್ಗಲಾ ಬದಲಿಸಿತು.

ನಂಜನಗೂಡು ರಸಬಾಳೆ

ಒಪ್ಪಿದೆ ಅಣ್ಣ. ನಮ್ಮಲ್ಲೂ ಇದೇ ರೋಗ. 2024ರ ಲೋಕಸಭೆಗೆ ಮಂಡ್ಯದಲ್ಲಿ ನೂರಕ್ಕೆ 81 ಜನ ಹೋಗಿ ಓಟು ಹಾಕಿದ್ರು, ಬೆಂಗಳೂರು ದಕ್ಷಿಣದಲ್ಲಿ 53. ಆಮೇಲೆ ಟ್ರಾಫಿಕ್ ಬಗ್ಗೆ ಟ್ವೀಟ್ ಮಾಡೋರು ಮಾತ್ರ ಅವರೇ.

ಕೃಷ್ಣೆ ದಂಡಿ

ಒಂದು ಮಾತು ಹೇಳೂದ ಮರೆತೆ. ಈಗ ಡೆಟ್ರಾಯಿಟ್‌ನ ಬಹುಭಾಗಕ್ಕ ಅಮೆರಿಕದ ಸಂಸತ್ತಿನ್ಯಾಗ ಪ್ರತಿನಿಧಿ ಯಾರು ಗೊತ್ತೇನ್ರಿ? ನಮ್ಮ ಚಿಕ್ಕೋಡ್ಯಾಗ ಹುಟ್ಟಿ ಬೆಳಗಾವ್ಯಾಗ ಬೆಳದ ಶ್ರೀ ಥಾಣೇದಾರ್. 2018ರಾಗ ಗವರ್ನರ್ ಆಗಬೇಕಂತ, ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೂ ಪ್ರೈಮರಿಗೆ ನಿಂತು ಸೋತ್ರು, ಆದ್ರ ಡೆಟ್ರಾಯಿಟ್ ನಗರದಾಗ ಅವರಿಗೇ ಹೆಚ್ಚು ಮತ ಬಿದ್ದಿದ್ವು. 2022ರಾಗ ಕಾಂಗ್ರೆಸ್‌ಗೆ ಆರಿಸಿ ಬಂದ್ರು. ಅದರಿಂದ ಡೆಟ್ರಾಯಿಟ್‌ಗೆ ಸುಮಾರು 70 ವರ್ಷದಾಗ ಮೊದಲ ಸಲ ಕಪ್ಪು ಜನಾಂಗದ ಪ್ರತಿನಿಧಿ ಇಲ್ಲದಂಗಾತು, ಅದರ ಬ್ಯಾಸರ ಊರಾಗ ಇನ್ನೂ ಐತಿ. ಅದನ್ನೂ ಹೇಳಬೇಕಲ್ಲ, ನಮ್ಮಾವ ಅಂತ ಬರೇ ಸೀಟಿ ಹೊಡದ್ರ ಹೆಂಗ.

ಗಡಿ ಗೌಡ

ಅವರು ಮರಾಠಿ ಮಾತಾಡ್ತಾರೆ, ನಮ್ಮವರು ಹೇಗಾಗ್ತಾರೆ?

ನಿರ್ವಾಹಕ

ಬೆಳಗಾವಿ ವಿಚಾರಕ್ಕೆ ಬೇರೆ ಎಳೆ ಇದೆ, 412 ಪ್ರತಿಕ್ರಿಯೆ ತುಂಬಿಕೊಂಡು ಕೂತಿದೆ. ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಮಿಲ್ವಾಕಿ, ಡೆಟ್ರಾಯಿಟ್ ಮಾತ್ರ.

ಹಳೇ ಪೇಪರ್

ಮೇಯರ್‌ಗಳ ಪ್ರಶ್ನೆಗೆ ಬರುತ್ತೇನೆ, ನನಗೆ ಪ್ರಿಯವಾದ ವಿಷಯ. ಅಮೆರಿಕದಲ್ಲಿ ಮೇಯರ್ ಕುರ್ಚಿಯಿಂದ ನೇರವಾಗಿ ಅಧ್ಯಕ್ಷರಾದವರು ಒಬ್ಬರೂ ಇಲ್ಲ. ಹಿಂದೆಂದೋ ಮೇಯರ್ ಆಗಿದ್ದವರಿದ್ದಾರೆ: ಗ್ರೋವರ್ ಕ್ಲೀವ್‌ಲ್ಯಾಂಡ್ ಬಫಲೋದಲ್ಲಿ, ಕ್ಯಾಲ್ವಿನ್ ಕೂಲಿಜ್ ನಾರ್ತಾಂಪ್ಟನ್ ಎಂಬ ಸಣ್ಣ ಊರಿನಲ್ಲಿ. ಇಬ್ಬರೂ ನಡುವೆ ಗವರ್ನರ್ ಆಗಿ ಬಂದರು.

ನ್ಯೂಯಾರ್ಕ್ ಮೇಯರ್‌ಗಳದಂತೂ ಶಾಪಗ್ರಸ್ತ ವಂಶ. 1812ರಲ್ಲಿ ಡಿವಿಟ್ ಕ್ಲಿಂಟನ್ ಮ್ಯಾಡಿಸನ್ ಎದುರು ನಿಂತು ಸೋತರು. 1972ರಲ್ಲಿ ಜಾನ್ ಲಿಂಡ್ಸೆ ಬಂದಷ್ಟೇ ಬೇಗ ವಾಪಸ್. 2008ರಲ್ಲಿ ರೂಡಿ ಜೂಲಿಯಾನಿ ಮೊದಲ ರಾಜ್ಯಗಳನ್ನೆಲ್ಲ ಬಿಟ್ಟು ಫ್ಲೋರಿಡಾ ಒಂದನ್ನೇ ನಂಬಿ ಕೂತು, ಅಲ್ಲಿ ಮೂರನೆಯವರಾದರು. 2020ರಲ್ಲಿ ಬಿಲ್ ಡಿ ಬ್ಲಾಸಿಯೊ ಮೊದಲ ಮತ ಬೀಳುವ ಮೊದಲೇ ಮನೆಗೆ. ಅದೇ ವರ್ಷ ಮೈಕಲ್ ಬ್ಲೂಮ್‌ಬರ್ಗ್ ಸುಮಾರು 100 ಕೋಟಿ ಡಾಲರ್ ಸುರಿದು ಗೆದ್ದದ್ದು ಅಮೆರಿಕನ್ ಸಮೋವಾ ಅನ್ನುವ ದ್ವೀಪ ಒಂದನ್ನೇ. ಅದೇ ಸ್ಪರ್ಧೆಯಲ್ಲಿ ಲಕ್ಷದಷ್ಟು ಜನಸಂಖ್ಯೆಯ ಸೌತ್ ಬೆಂಡ್ ಊರಿನ ಮಾಜಿ ಮೇಯರ್ ಪೀಟ್ ಬುಟಜೆಜ್ ಅಯೋವಾದಲ್ಲಿ ಎಲ್ಲರಿಗಿಂತ ಹೆಚ್ಚು ಡೆಲಿಗೇಟ್‌ಗಳನ್ನು (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು) ಹಿಡಿದರು.

ಕಾರಣ? ದೊಡ್ಡ ಊರಿನ ಮೇಯರ್ ದಿನಾ ಕಸ, ಪೊಲೀಸು, ಸಬ್‌ವೇ ಅಂತ ಬೈಸಿಕೊಳ್ಳುವ ಮನುಷ್ಯ. ಅವನ ಪ್ರತಿ ತಪ್ಪೂ ದೇಶದ ಟಿವಿಯಲ್ಲಿ ಬರುತ್ತದೆ. ಸೌತ್ ಬೆಂಡ್‌ನ ಗುಂಡಿಬಿದ್ದ ರಸ್ತೆಯನ್ನು ಯಾವ ಕ್ಯಾಮೆರಾ ನೋಡುತ್ತೆ? ಜೊತೆಗೆ ದೊಡ್ಡ ಊರಿನಲ್ಲಿ ಗೆಲ್ಲಲು ಆಡಬೇಕಾದ ಮಾತು ಅಯೋವಾದಲ್ಲಿ ಕಹಿಯಾಗುತ್ತದೆ. ನ್ಯೂಯಾರ್ಕಿನ ಈಗಿನ ಮೇಯರ್ ಜೋಹ್ರಾನ್ ಮಮ್ದಾನಿಗೆ ಆ ತಲೆನೋವೇ ಇಲ್ಲ. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ, ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿಲ್ಲದವರು ಸಂವಿಧಾನದ ಪ್ರಕಾರ ಅಧ್ಯಕ್ಷರಾಗುವಂತಿಲ್ಲ. ನಮ್ಮ ಚಿಕ್ಕೋಡಿಯವರಿಗೂ ಅದೇ ನಿಯಮ.

ಬ್ರೂಕ್‌ಫೀಲ್ಡ್ ಭಾವ

ಆದರೆ ಟ್ರಂಪ್ ನ್ಯೂಯಾರ್ಕಿನವರೇ ಅಲ್ಲವೇ? ಕ್ವೀನ್ಸ್‌ನಲ್ಲಿ ಹುಟ್ಟಿ, ಮ್ಯಾನ್‌ಹಟನ್‌ನಲ್ಲಿ ಗೋಪುರ ಕಟ್ಟಿದವರು.

ಹಳೇ ಪೇಪರ್

ಹೌದು, ಆದರೆ ಆ ಊರಿನ ವಿರುದ್ಧ ನಿಂತು ಗೆದ್ದರು. 2016ರಲ್ಲಿ ಮ್ಯಾನ್‌ಹಟನ್‌ನಲ್ಲಿ ಅವರಿಗೆ ಸಿಕ್ಕಿದ್ದು ನೂರಕ್ಕೆ ಹತ್ತು. ಸ್ವಂತ ಬೀದಿಯವರೇ ಕೈ ಬಿಟ್ಟರೂ ಅವರಿಗೆ ಏನೂ ನಷ್ಟವಾಗಲಿಲ್ಲ, ರಾಜ್ಯ ಹೇಗೂ ಅವರದಲ್ಲ. 2024ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅವರ ಪಾಲು ನೂರಕ್ಕೆ ಸುಮಾರು 30ಕ್ಕೆ ಏರಿತು, ಬ್ರಾಂಕ್ಸ್‌ನಲ್ಲಂತೂ ಎಂಟು ವರ್ಷದಲ್ಲಿ ಮೂರು ಪಟ್ಟಿನ ಹತ್ತಿರ ಹತ್ತಿರ. ಎಲೆಕ್ಟೋರಲ್ ಲೆಕ್ಕದಲ್ಲಿ ಅದರಿಂದ ಬಂದದ್ದು ಸೊನ್ನೆ.

ಬೇಕಿದ್ದರೆ ಹೀಗೆ ಹೇಳಿ: ಓಟು ಕೇಳೋಕೆ ಮಿಲ್ವಾಕಿ, ನೋಟು ಕೇಳೋಕೆ ಮ್ಯಾನ್‌ಹಟನ್. ಅಭ್ಯರ್ಥಿಗಳು ಈಗ ನ್ಯೂಯಾರ್ಕಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹೆಚ್ಚಾಗಿ ಬರುವುದು ದೇಣಿಗೆಯ ಊಟಕ್ಕೆ.

ಇದು ಮೊದಲಿನಿಂದ ಹೀಗಿರಲಿಲ್ಲ ಅನ್ನುವುದೇ ಭಾವ ಹೇಳಿದ ಮಾತಿಗೆ ಪುರಾವೆ. 1884ರಲ್ಲಿ ನ್ಯೂಯಾರ್ಕ್ ರಾಜ್ಯ ಇವತ್ತಿನ ವಿಸ್ಕಾನ್ಸಿನ್ ತರಹ ತೂಗುಯ್ಯಾಲೆಯಲ್ಲಿತ್ತು, ಕೈಯಲ್ಲಿ 36 ಎಲೆಕ್ಟೋರಲ್ ಮತ. ಚುನಾವಣೆಗೆ ವಾರವಿದ್ದಾಗ ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ಕೂತಿದ್ದ ಸಭೆಯೊಂದರಲ್ಲಿ ಪಾದ್ರಿಯೊಬ್ಬರು ಡೆಮಾಕ್ರಟರನ್ನು ಹೆಂಡ, ರೋಮನ್ ಕ್ಯಾಥೊಲಿಕ್ ಮತ, ದಂಗೆ ಈ ಮೂರರ ಪಕ್ಷ ಅಂತ ಹಂಗಿಸಿದರು. ಬ್ಲೇನ್ ತಕ್ಷಣ ಅದನ್ನು ತಳ್ಳಿಹಾಕಲಿಲ್ಲ. ಮಾತು ನಗರದ ಐರಿಷ್ ಕ್ಯಾಥೊಲಿಕರ ಕಿವಿಗೆ ಬಿತ್ತು. ಬ್ಲೇನ್ ನ್ಯೂಯಾರ್ಕನ್ನು ಸುಮಾರು 1,100 ಮತಗಳಿಂದ ಕಳೆದುಕೊಂಡರು, ಅದರ ಜೊತೆಗೆ ಅಧ್ಯಕ್ಷಗಿರಿಯನ್ನೂ. ಆ ಒಂದು ಮಾತೇ ಮುಳುವಾಯಿತು ಅಂತ ಖಡಾಖಂಡಿತವಾಗಿ ಹೇಳಲಾಗದು, ಇಷ್ಟು ಸಣ್ಣ ಅಂತರಕ್ಕೆ ಮಳೆಯೂ ಕಾರಣವಾಗಬಹುದು. ಆದರೆ ಅವತ್ತು ದೊಡ್ಡಪ್ಪನ ಮಾತು ಸರಿಯಿತ್ತು.

ನಂಜನಗೂಡು ರಸಬಾಳೆ

ಶಿಕಾಗೋ ಬಗ್ಗೆ ಯಾರೂ ಮಾತಾಡಲಿಲ್ಲ. ಕೆನಡಿಯನ್ನು ಗೆಲ್ಲಿಸಿದ್ದು ಶಿಕಾಗೋ ಮೇಯರ್ ಅಂತ ನಮ್ಮ ಪಿಯುಸಿ ಲೆಕ್ಚರರ್ ಹೇಳ್ತಿದ್ರು.

ಹಳೇ ಪೇಪರ್

ಅರ್ಧ ಸತ್ಯ. 1960ರಲ್ಲಿ ಮೇಯರ್ ರಿಚರ್ಡ್ ಡೇಲಿಯ ಪಕ್ಷದ ಯಂತ್ರ, ಅಂದರೆ ಓಟು ಹಾಕಿಸುವ ಪಡೆ, ಶಿಕಾಗೋ ನಗರದಲ್ಲಿ ಕೆನಡಿಗೆ ಸುಮಾರು 4.5 ಲಕ್ಷದ ಮುನ್ನಡೆ ಕೊಟ್ಟಿತು. ಉಳಿದ ಇಲಿನಾಯ್ ರಾಜ್ಯ ಅದನ್ನೆಲ್ಲ ತಿಂದು ಹಾಕಿ ಕೊನೆಗೆ ಉಳಿದದ್ದು 8,858. ಕಳ್ಳ ಓಟಿನ ಗುಮಾನಿ ಆಗಲೂ ಇತ್ತು, ಈಗಲೂ ಇದೆ. ಆದರೆ ಇಲಿನಾಯ್‌ನ 27 ಕಳೆದರೂ ಕೆನಡಿಯ 303ರಲ್ಲಿ 276 ಉಳಿಯುತ್ತಿತ್ತು, ಬೇಕಿದ್ದದ್ದು 269. ಡೇಲಿ ಇಲ್ಲದಿದ್ದರೂ ಕೆನಡಿ ಗೆಲ್ಲುತ್ತಿದ್ದರು. ಮೇಯರ್‌ಗೆ ಮಾತ್ರ ತಾನೇ ಪಟ್ಟ ಕಟ್ಟಿದೆ ಅನ್ನುವ ಹೆಸರು ಉಳಿಯಿತು. ರಾಜಕೀಯದಲ್ಲಿ ಹೆಸರೇ ಅರ್ಧ ಆಸ್ತಿ.

ಒಬಾಮಾ ಮಾತ್ರ ನಿಜಕ್ಕೂ ಶಿಕಾಗೋ ಬೆಳೆಸಿದ ಅಧ್ಯಕ್ಷ. ಅಲ್ಲೂ ಊರು ಅವರನ್ನು ಮೊದಲು ಸೋಲಿಸಿ ಕಲಿಸಿತು, 2000ದಲ್ಲಿ ಕಾಂಗ್ರೆಸ್ ಪ್ರೈಮರಿಯಲ್ಲಿ ಬಾಬಿ ರಷ್ ಎದುರು.

ಜೋಳದ ಹೊಲ

ಎಲ್ಲರೂ ಸಿಟಿಯವರೇ ಸೇರಿಕೊಂಡಿದ್ದೀರಿ, ಹಳ್ಳಿ ಕಡೆಯಿಂದ ಒಬ್ಬ ಇರಲಿ. ನಾನು ಅಯೋವಾದ ಸಣ್ಣ ಊರಿನಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ. ದಾವಣಗೆರೆ ಕಡೆಯವನು, ಮೆಕ್ಕೆಜೋಳ ಬಿಟ್ಟು ಮೆಕ್ಕೆಜೋಳಕ್ಕೆ ಬಂದೆ. ಎಲೆಕ್ಟೋರಲ್ ಕಾಲೇಜ್ ತೆಗೆದು ದೇಶದ ಮತವನ್ನೆಲ್ಲ ಒಟ್ಟಿಗೆ ಎಣಿಸಿದರೆ ಏನಾಗುತ್ತೆ ಯೋಚಿಸಿ. ಅಭ್ಯರ್ಥಿಗಳು ಹತ್ತು ದೊಡ್ಡ ಏರ್‌ಪೋರ್ಟ್ ಬಿಟ್ಟು ಕೆಳಗಿಳಿಯುವುದೇ ಇಲ್ಲ. ನಮ್ಮ ಹೊಲ, ಎಥನಾಲ್, ಮುಚ್ಚುತ್ತಿರುವ ಹಳ್ಳಿ ಆಸ್ಪತ್ರೆ ಇದನ್ನೆಲ್ಲ ಯಾರು ಕೇಳುತ್ತಾರೆ?

ಬ್ರೂಕ್‌ಫೀಲ್ಡ್ ಭಾವ

ಮಾತು ನ್ಯಾಯವಾದದ್ದೇ. ಆದರೆ ಈಗ ಎಲ್ಲಿ ಇಳಿಯುತ್ತಾರೆ ಹೇಳಿ? 2024ರಲ್ಲಿ ಲೆಕ್ಕಕ್ಕಿದ್ದದ್ದು ಏಳೇ ರಾಜ್ಯ: ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾ, ಅರಿಜೋನಾ, ನೆವಾಡಾ. ಅಯೋವಾ ಅದರಲ್ಲಿ ಇಲ್ಲ.

ಜೋಳದ ಹೊಲ

ಅದೇ ನೋವು. ಮೊದಲು ಎರಡೂ ಪಕ್ಷದವರು ಕಾಕಸ್ (ಅಭ್ಯರ್ಥಿ ಆರಿಸುವ ಪಕ್ಷದ ಸಭೆ, ನಮ್ಮದೇ ಮೊದಲು) ಅಂತ ವರ್ಷಗಟ್ಟಲೆ ನಮ್ಮ ಸ್ಟೇಟ್ ಫೇರ್‌ಗೆ ಬಂದು ಹಂದಿಮಾಂಸದ ಚಾಪ್ ತಿಂದು ಫೋಟೋ ತೆಗೆಸಿಕೊಳ್ತಿದ್ದರು. 2024ಕ್ಕೆ ಡೆಮಾಕ್ರಟರು ಮೊದಲ ಸ್ಥಾನವನ್ನು ಸೌತ್ ಕ್ಯಾರೊಲೈನಾಗೆ ಕೊಟ್ಟರು. ನವೆಂಬರ್‌ನಲ್ಲಿ ಟ್ರಂಪ್ 13 ಪಾಯಿಂಟ್‌ಗಳಿಂದ ಗೆದ್ದರು. ಈಗ ನಾವು ಎರಡೂ ಕಡೆಗೆ ಬೇಡ. ಈ ಒಂದು ವಿಷಯದಲ್ಲಿ ನನ್ನ ಹೊಲವೂ ಲಾಸ್ ಏಂಜಲೀಸೂ ಒಂದೇ ಅಂತಾಯ್ತು, ನಗಬೇಕೋ ಅಳಬೇಕೋ.

ಪೀಚ್‌ಟ್ರೀ ಪದ್ಮಕ್ಕ

ಹಳ್ಳಿಗಳಿಗೆ ರಕ್ಷಣೆ ಬೇಕು ಅನ್ನುವ ತಮ್ಮನಿಗೆ ನಮ್ಮ ಜಾರ್ಜಿಯಾದ ಹಳೇ ಕಥೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಪ್ಪ. ಇಲ್ಲಿ ಅದನ್ನು ಅತಿಗೆ ಒಯ್ದಿದ್ದರು.

1960ರ ದಶಕದ ಶುರುವಿನವರೆಗೆ ಇಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕೌಂಟಿ ಯೂನಿಟ್ ಅನ್ನುವ ಪದ್ಧತಿ ಇತ್ತು: ಕೌಂಟಿ ಗೆದ್ದವರಿಗೆ ಅದರ ಯೂನಿಟ್‌ಗಳೆಲ್ಲ. ಆಗ ಆ ಪ್ರೈಮರಿ ಗೆದ್ದರೆ ಗವರ್ನರ್ ಆದ ಹಾಗೇ. ದೊಡ್ಡ ಎಂಟು ಕೌಂಟಿಗಳಿಗೆ ಆರಾರು ಯೂನಿಟ್, ನಡುವಿನ ಮೂವತ್ತಕ್ಕೆ ನಾಲ್ಕು, ಉಳಿದ 121 ಸಣ್ಣ ಕೌಂಟಿಗಳಿಗೆ ಎರಡೆರಡು. ಅಟ್ಲಾಂಟಾ ಇರುವ ಫುಲ್ಟನ್ ಕೌಂಟಿಯಲ್ಲಿ ಐದೂವರೆ ಲಕ್ಷ ಜನ, ಆರು ಯೂನಿಟ್. ಎಕಲ್ಸ್ ಕೌಂಟಿಯಲ್ಲಿ 1,876 ಜನ, ಎರಡು ಯೂನಿಟ್. ಅಲ್ಲಿನ ಒಬ್ಬರು ಅಟ್ಲಾಂಟಾದ 99 ಜನಕ್ಕೆ ಸಮ. ಅಟ್ಲಾಂಟಾದಲ್ಲಿ ಕಪ್ಪು ಜನರು ಓಟು ಹಾಕಲು ಶುರು ಮಾಡಿದ ಮೇಲೆ ಈ ಪದ್ಧತಿಯನ್ನು ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು ಅಂತ ಬಿಡಿಸಿ ಹೇಳಬೇಕಿಲ್ಲ. 1963ರಲ್ಲಿ ಗ್ರೇ ವರ್ಸಸ್ ಸ್ಯಾಂಡರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಬ್ಬರಿಗೆ ಒಂದೇ ಮತ ಅಂದಿತು, ಪದ್ಧತಿ ಹೋಯಿತು.

ತಮಾಷೆ ಇರುವುದು ಇಲ್ಲಿ. ಅದೇ ಹೊತ್ತಿನ ಕೋರ್ಟ್ ಆದೇಶಗಳಿಂದ ರಾಜ್ಯ ಸೆನೆಟ್ ಕ್ಷೇತ್ರಗಳನ್ನೂ ಹೊಸದಾಗಿ ಹಂಚಿದರು. 1962ರಲ್ಲಿ ಅಂಥದೊಂದು ಸೀಟಿಗೆ ನಿಂತವರು ಪ್ಲೇನ್ಸ್ ಅನ್ನುವ ಪುಟ್ಟ ಊರಿನ ಕಡಲೆಕಾಯಿ ಬೆಳೆಗಾರ, ಜಿಮ್ಮಿ ಕಾರ್ಟರ್. ಕ್ವಿಟ್‌ಮನ್ ಕೌಂಟಿಯಲ್ಲಿ ಅವರ ವಿರುದ್ಧ ಪೆಟ್ಟಿಗೆ ತುಂಬಿದ್ದರು. ದಾಖಲೆಯಲ್ಲಿ ಜನ ಅಕಾರಾದಿ ಕ್ರಮದಲ್ಲಿ ಸಾಲಾಗಿ ಬಂದು ಓಟು ಹಾಕಿದ ಹಾಗಿತ್ತಂತೆ! ಕಾರ್ಟರ್ ಕೋರ್ಟಿಗೆ ಹೋಗಿ ಸೀಟು ಗಳಿಸಿದರು. ಹದಿನಾಲ್ಕು ವರ್ಷದ ಮೇಲೆ ಅಧ್ಯಕ್ಷರು. ಆಗ ಅವರ ಬೆನ್ನಿಗೆ ನಿಂತವರಲ್ಲಿ ಅಟ್ಲಾಂಟಾದ ಆಂಡ್ರ್ಯೂ ಯಂಗ್, ಮಾರ್ಟಿನ್ ಲೂಥರ್ ಕಿಂಗ್ ಅವರ ತಂದೆ ಇದ್ದರು. ಪಟ್ಟಣದ ಮತಕ್ಕೆ ನ್ಯಾಯ ಸಿಕ್ಕ ಹೊತ್ತಿನಲ್ಲಿ ಹೊಲದಿಂದ ಒಬ್ಬರು ಮೇಲೆ ಬಂದರು ನೋಡಿ.

ಜೋಳದ ಹೊಲ

ಅಕ್ಕ, 99ಕ್ಕೆ ಒಂದು ಅಂದ್ರೆ ಅದು ರಕ್ಷಣೆಯಲ್ಲ, ದರೋಡೆ. ಅಷ್ಟು ನಾನೂ ಕೇಳಲ್ಲ.

ಪೀಚ್‌ಟ್ರೀ ಪದ್ಮಕ್ಕ

ಈಗಿನ ಕಥೆ ಸ್ವಲ್ಪ. 2020ರಲ್ಲಿ ಬೈಡನ್ ಇಲ್ಲಿ 11,779 ಮತಗಳಿಂದ ಗೆದ್ದಾಗ ಎಲ್ಲರೂ ಅಟ್ಲಾಂಟಾ ಗೆಲ್ಲಿಸಿತು ಅಂದರು. ನಾವಿರುವುದು ಫೋರ್ಸೈತ್ ಕೌಂಟಿ, ನಗರದಿಂದ ಉತ್ತರಕ್ಕೆ. 1912ರಲ್ಲಿ ಕಪ್ಪು ಜನರನ್ನೆಲ್ಲ ಓಡಿಸಿದ ಕೌಂಟಿ ಇದು. 1987ರಲ್ಲಿ ಸಮಾನತೆಯ ಮೆರವಣಿಗೆ ಬಂದಾಗ ಕಲ್ಲು ಬಿದ್ದಿತ್ತು. ಈಗ ನಮ್ಮ ಬೀದಿಯಲ್ಲಿ ಯುಗಾದಿಗೆ ಏಳು ಬಾಗಿಲಿಗೆ ತೋರಣ. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿಗೆ ಇಲ್ಲಿ ನೂರಕ್ಕೆ 80, 2020ರಲ್ಲಿ ಟ್ರಂಪ್‌ಗೆ 66. ಗೆದ್ದದ್ದು ಟ್ರಂಪೇ. ಆದರೆ ಆ 14 ಕರಗಿತಲ್ಲ, ರಾಜ್ಯ ಉರುಳಿದ್ದಕ್ಕೆ ಅದೂ ಒಂದು ಕಾರಣ. ದೊಡ್ಡ ಊರು ಅಂದರೆ ಬರೀ ಊರಲ್ಲ, ಅದರ ಸೆರಗೂ ಸೇರಿ.

ಮರುವರ್ಷ ಮಾಡಿದ ಕಾನೂನಿನಲ್ಲಿ ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಯಾರೂ ನೀರು ಹಂಚುವಂತಿಲ್ಲ ಅಂತ ಬರೆದರು. ಉದ್ದದ ಸಾಲು ಇರುವುದು ಹೆಚ್ಚಾಗಿ ಅಟ್ಲಾಂಟಾದ ಕಪ್ಪು ಬಡಾವಣೆಗಳಲ್ಲಿ. ನಮ್ಮತ್ತೆಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. ರಾಮನವಮಿಗೆ ಅರವಟ್ಟಿಗೆ ಇಟ್ಟು ಪಾನಕ, ನೀರುಮಜ್ಜಿಗೆ ಹಂಚುವವರಿಗೆ ಅದು ಹೇಗೆ ಅರ್ಥವಾಗಬೇಕು.

ಬ್ರೂಕ್‌ಫೀಲ್ಡ್ ಭಾವ

ಸೆರಗು, ಸರಿಯಾದ ಪದ ಅಕ್ಕ. ನಮ್ಮ ವಾಕೆಶಾ ಕೌಂಟಿಯೂ ಹಾಗೇ: ರಿಪಬ್ಲಿಕನ್ನರ ಕೋಟೆ, ಆದರೆ 2012ರಲ್ಲಿ ಮೂರರಲ್ಲಿ ಎರಡು ಪಾಲಿದ್ದದ್ದು ಈಗ ಅರವತ್ತರ ಹತ್ತಿರ.

2020ರ ಆ ರಾತ್ರಿ ನಾನು ಎದ್ದೇ ಇದ್ದೆ. ವಿಸ್ಕಾನ್ಸಿನ್ ಕಾನೂನಿನಲ್ಲಿ ಅಂಚೆ ಮತಗಳ ಲಕೋಟೆಯನ್ನು ಚುನಾವಣೆಯ ದಿನಕ್ಕೆ ಮೊದಲು ಒಡೆಯುವಂತಿಲ್ಲ. ಕೋವಿಡ್ ವರ್ಷ, ಮಿಲ್ವಾಕಿ ನಗರದಲ್ಲಿ ಅಂಥವು ಸುಮಾರು 1.7 ಲಕ್ಷ, ಎಲ್ಲ ಒಂದೇ ಕಡೆ ಎಣಿಕೆ. ಹಳ್ಳಿಗಳ ಲೆಕ್ಕ ರಾತ್ರಿಯೇ ಮುಗಿದು ಟ್ರಂಪ್ ಮುಂದಿದ್ದರು. ಬೆಳಗಿನ ಜಾವ ಮಿಲ್ವಾಕಿ ಒಟ್ಟಿಗೆ ಬಂದು ಬಿತ್ತು. ಟಿವಿಯಲ್ಲಿ ಬೈಡನ್ ಮತದ ಗೆರೆ ನೆಟ್ಟಗೆ ಮೇಲೆ ಹೋಯಿತು. ನನ್ನ ಪಕ್ಕದ ಮನೆಯ ಬಿಳಿಯ ತಾತ, ನಮಗೆ ಪ್ರತಿ ಚಳಿಗಾಲದಲ್ಲೂ ಹಿಮ ಎತ್ತಿಕೊಡುವ ಒಳ್ಳೇ ಮನುಷ್ಯ, ಇವತ್ತಿಗೂ ಅದನ್ನು ಕಳವು ಅಂತಲೇ ನಂಬಿದ್ದಾರೆ. ಎಣಿಕೆ ತಡವಾಗುವ ನಿಯಮವನ್ನು ಬದಲಿಸದೇ ಬಿಟ್ಟದ್ದು ರಾಜ್ಯದ ಶಾಸಕರು, ಅನುಮಾನ ಅಂಟಿದ್ದು ಮಾತ್ರ ಊರಿಗೆ. ದೊಡ್ಡ ಊರಿನ ಪ್ರಭಾವ ಅಂದಾಗ ಇದೂ ನೆನಪಾಗುತ್ತೆ: ಫಿಲಡೆಲ್ಫಿಯಾ, ಡೆಟ್ರಾಯಿಟ್, ಮಿಲ್ವಾಕಿ, ಅಟ್ಲಾಂಟಾ ಅಂತ ಹೆಸರು ಹಿಡಿದು ಬೈದರೆ ಬೇರೆ ಕಡೆ ಓಟು ಬರುತ್ತೆ. ಫಿಲಡೆಲ್ಫಿಯಾದಲ್ಲಿ 2020ರಲ್ಲಿ ಟ್ರಂಪ್ ಪಾಲು 2016ಕ್ಕಿಂತ ಹೆಚ್ಚೇ ಆಗಿತ್ತು, ಅದನ್ನು ಯಾರೂ ಹೇಳಲ್ಲ.

ಆಮೇಲೆ ಟ್ರಂಪ್ ಕಡೆಯವರು 30 ಲಕ್ಷ ಡಾಲರ್ ಕಟ್ಟಿ ಮಿಲ್ವಾಕಿ ಮತ್ತು ಡೇನ್ ಎರಡೇ ಕೌಂಟಿಗಳಲ್ಲಿ ಮರುಎಣಿಕೆ ಮಾಡಿಸಿದರು. ಬೈಡನ್‌ಗೆ 87 ಮತ ಜಾಸ್ತಿ ಬಂತು.

ಕೃಷ್ಣೆ ದಂಡಿ

30 ಲಕ್ಷ ಕೊಟ್ಟು ಎದುರಿನಾಂವಗ 87 ಓಟು! ಇದಕ್ಕ ನಮ್ಮ ಕಡೆ ರೊಕ್ಕಾ ಕೊಟ್ಟು ಒದಿಸಿಕೊಂಡಂಗ ಅಂತಾರ.

ನಂಜನಗೂಡು ರಸಬಾಳೆ

ಒಂದು ಅನುಮಾನ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಇಂಥದ್ದೇ ತೂಕ ಇದೆ ಅಲ್ವಾ?

ಹಳೇ ಪೇಪರ್

ಇದೆ. ಶಾಸಕರ ಮತದ ಮೌಲ್ಯ ರಾಜ್ಯದ ಜನಸಂಖ್ಯೆಯ ಮೇಲೆ, ಅದೂ 1971ರ ಜನಗಣತಿ. ಉತ್ತರ ಪ್ರದೇಶದ ಶಾಸಕರಿಗೆ 208, ಕರ್ನಾಟಕದವರಿಗೆ 131. 1971ರ ಬೆಂಗಳೂರು ಎಲ್ಲಿ, ಇವತ್ತಿನದ್ದೆಲ್ಲಿ! ಆದರೂ ಅದೇ 131, ಮಲ್ಲೇಶ್ವರದ ಶಾಸಕರಿಗೂ ತೀರ್ಥಹಳ್ಳಿಯವರಿಗೂ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ ಆದ ತಕ್ಷಣ ರಾಜ್ಯಗಳಿಗೆ ಸಂಸತ್ತಿನ ಸೀಟು ಮರುಹಂಚಿಕೆ ಆಗುತ್ತದೆ, ಎಲೆಕ್ಟೋರಲ್ ಮತವೂ ಅದರ ಜೊತೆ. 2020ರ ಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಸೀಟು ಕಳೆದುಕೊಂಡಿತು, 29 ಇದ್ದ ಎಲೆಕ್ಟೋರಲ್ ಮತ 28 ಆಯಿತು. ಎಷ್ಟು ಜನ ಕಡಿಮೆ ಬಿದ್ದರು ಗೊತ್ತೇ? 89.

ಬ್ರೂಕ್‌ಫೀಲ್ಡ್ ಭಾವ

ಇವತ್ತು ಮತ್ತೆ ದೊಡ್ಡಪ್ಪನಿಗೆ ಫೋನ್ ಮಾಡಿ ಈ 89ರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಂಗೆ ಗೊತ್ತಲ್ಲ, ನಮ್ಮನೆ ಮದುವೆಯಲ್ಲಿ ಒಂದು ಪಂಕ್ತಿಗೆ ನೂರೈವತ್ತು ಎಲೆ ಹಾಕ್ತಿದ್ವಿ" ಅಂದರು.